ಮಕ್ಕಳ ಉದರ ಮತ್ತು ಯಕೃತ್ ರೋಗಗಳು: ದೂರಕ್ಕಿಂತ ವಿಳಂಬವೇ ದುಬಾರಿ

ರಾಬರ್ಟ್‌ಸನ್‌ಪೇಟೆ ಮತ್ತು ಬಂಗಾರಪೇಟೆಯ ವ್ಯಾಪಾರ ವಹಿವಾಟಿಗೂ ಬೆಂಗಳೂರಿಗೂ ಇರುವ ನಂಟು ಹೊಸದಲ್ಲ. ಸಗಟು ಸರಕು ಅಲ್ಲಿಂದ ಬರುತ್ತದೆ. ದುಡಿಯುವ ಕೈಗಳು ಮಾರಿಕುಪ್ಪಂನಿಂದ ಹೊರಡುವ ರೈಲುಗಳಲ್ಲಿ ಪ್ರತಿನಿತ್ಯ ಅಲ್ಲಿಗೆ ಹೋಗಿಬರುತ್ತವೆ. ಇದೇ ಹಾದಿಯಲ್ಲಿ ಯಾವ ಲೆಕ್ಕದ ಪುಸ್ತಕದಲ್ಲೂ ದಾಖಲಾಗದ ಇನ್ನೊಂದು ಸಂಚಾರವೂ ನಡೆಯುತ್ತದೆ. ಅದು ಕಾಯಿಲೆ ಬಿದ್ದ ಮಕ್ಕಳನ್ನು ಎತ್ತಿಕೊಂಡು ದೊಡ್ಡ ಆಸ್ಪತ್ರೆಗಳಿಗೆ ಹೋಗುವ ತಂದೆತಾಯಿಗಳ ಸಂಚಾರ. ಜೀರ್ಣಾಂಗ, ಯಕೃತ್ತು ಹಾಗೂ ಪೋಷಣೆಗೆ ಸಂಬಂಧಿಸಿದ ಮಕ್ಕಳ ರೋಗಗಳ ವಿಷಯದಲ್ಲಂತೂ ಈ ಪ್ರಯಾಣ ಎಂದು ಆರಂಭವಾಯಿತು ಎಂಬುದರ ಮೇಲೆಯೇ ಮಗುವಿನ ಬದುಕು ಅನೇಕ ವೇಳೆ ನಿರ್ಧಾರವಾಗುತ್ತದೆ.

ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಪರಿಸ್ಥಿತಿ ಬೇರೆಯಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿಯು ಇಲ್ಲಿ ಗಣಿಗಾರಿಕೆ ಆರಂಭಿಸಿದ ಮೇಲೆ ಕಾರ್ಮಿಕರಿಗೂ ಅವರ ಕುಟುಂಬಗಳಿಗೂ ಗಣಿಯ ಆಸ್ಪತ್ರೆಯೇ ಆಸರೆಯಾಗಿತ್ತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಊರು ಸಂಬಳವನ್ನಷ್ಟೇ ಅಲ್ಲ, ಆ ಆಸ್ಪತ್ರೆಯ ಆಸರೆಯನ್ನೂ ಕಳೆದುಕೊಂಡಿತು. ಇಂದು ಸಾಮಾನ್ಯ ಕಾಯಿಲೆಗಳಿಗೆ ಊರಿನ ಸರ್ಕಾರಿ ಆಸ್ಪತ್ರೆ ಮತ್ತು ಖಾಸಗಿ ವೈದ್ಯರಿದ್ದಾರೆ. ಅದಕ್ಕೆ ಮೀರಿದ್ದಕ್ಕೆ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಮತ್ತು ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಗಳಿವೆ. ಅದನ್ನೂ ಮೀರಿದ್ದಕ್ಕೆ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರು ಅಥವಾ ಗಡಿಯಾಚೆಯ ವೆಲ್ಲೂರು.

ಪ್ರತ್ಯೇಕ ತಜ್ಞರೇಕೆ?

ಮಕ್ಕಳ ಜೀರ್ಣಾಂಗ, ಯಕೃತ್ತು ಮತ್ತು ಪೋಷಣೆ ಇವು ಮೂರನ್ನೂ ಒಬ್ಬರೇ ತಜ್ಞರು ನೋಡಿಕೊಳ್ಳುವ ಪದ್ಧತಿ ವೈದ್ಯಶಾಸ್ತ್ರದಲ್ಲಿ ಸಾಕಷ್ಟು ಹೊಸದು. ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವನ್ನು ರೂಪಿಸಿದ ಆರಂಭಿಕ ಕೇಂದ್ರಗಳಲ್ಲಿ ಲಖನೌನ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಒಂದು. ಈ ಮೂರನ್ನು ಒಟ್ಟಿಗೆ ಸೇರಿಸಿರುವುದಕ್ಕೆ ಕಾರಣವಿದೆ. ದೊಡ್ಡವರಲ್ಲಿ ಯಕೃತ್ತಿನ ರೋಗವೆಂದರೆ ಬಹುಮಟ್ಟಿಗೆ ಮದ್ಯಪಾನ, ಕೊಬ್ಬು ಅಥವಾ ವೈರಾಣುಗಳಿಂದ ಬರುವಂಥದ್ದು. ಎಳೆಯ ಮಗುವಿನಲ್ಲಿ ಅದು ಹುಟ್ಟಿನಿಂದಲೇ ಬಂದ ಪಿತ್ತನಾಳದ ದೋಷವಾಗಿರಬಹುದು, ಆನುವಂಶಿಕ ಕೊರತೆಯಾಗಿರಬಹುದು. ಯಕೃತ್ತು ಸೋತರೆ ಪಿತ್ತರಸ ಕರುಳಿಗೆ ಇಳಿಯುವುದಿಲ್ಲ. ಪಿತ್ತರಸವಿಲ್ಲದೆ ಕೊಬ್ಬು ಮತ್ತು ಎ, ಡಿ, ಇ, ಕೆ ಜೀವಸತ್ವಗಳು ಮೈಗೆ ಹತ್ತುವುದಿಲ್ಲ. ಅವು ಹತ್ತದಿದ್ದರೆ ಮಗು ಬೆಳೆಯುವುದಿಲ್ಲ. ಹೀಗೆ ಒಂದು ಅಂಗದ ತೊಂದರೆ ಇಡೀ ಬೆಳವಣಿಗೆಯ ತೊಂದರೆಯಾಗುತ್ತದೆ.

ಇಂಥ ಮಗುವಿಗೆ ಎಣ್ಣೆ, ತುಪ್ಪ ಬಿಡಿಸಿ ಗಂಜಿ ನೀರಿನ ಪಥ್ಯ ಹಿಡಿಸುವ ರೂಢಿ ನಮ್ಮಲ್ಲಿದೆ. ತಜ್ಞರ ಸಲಹೆ ಇದಕ್ಕೆ ವಿರುದ್ಧವಾದುದು. ದೀರ್ಘಕಾಲದ ಯಕೃತ್ ರೋಗವಿರುವ ಮಗುವಿಗೆ ಅದೇ ವಯಸ್ಸಿನ ಆರೋಗ್ಯವಂತ ಮಗುವಿಗಿಂತ ಹೆಚ್ಚಿನ ಆಹಾರ ಶಕ್ತಿ ಬೇಕು. ಪಿತ್ತರಸದ ನೆರವಿಲ್ಲದೆ ಜೀರ್ಣವಾಗುವ ಬಗೆಯ ಕೊಬ್ಬನ್ನು ವೈದ್ಯರೇ ಆಯ್ದು ಕೊಡುತ್ತಾರೆ. ಪಥ್ಯದ ಹೆಸರಿನಲ್ಲಿ ಮಗುವನ್ನು ಉಪವಾಸ ಕೆಡವುವುದು ರೋಗಕ್ಕೆ ನೆರವಾದಂತೆ.

ಎರಡು ವಾರ, ಎರಡು ತಿಂಗಳು

ಹುಟ್ಟಿದ ಮಕ್ಕಳಲ್ಲಿ ಅನೇಕರಿಗೆ ಮೊದಲ ವಾರದಲ್ಲಿ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಬಹುಪಾಲು ಅದು ತಾನಾಗಿಯೇ ಇಳಿಯುತ್ತದೆ. ಆದ್ದರಿಂದಲೇ ಇಳಿಯದಿರುವ ಕಾಮಾಲೆಯನ್ನೂ ಜನ ಹಗುರವಾಗಿ ಕಾಣುತ್ತಾರೆ. ಬಿಸಿಲಿಗೆ ಹಿಡಿಯುವುದು, ನಾಟಿ ಔಷಧಿ ಹಾಕಿಸುವುದು, ಬಾಲಗ್ರಹವೆಂದು ತಾಯಿತ ಕಟ್ಟಿಸುವುದು, ಇಷ್ಟರಲ್ಲಿ ವಾರಗಳು ಕಳೆದುಹೋಗುತ್ತವೆ.

ಎರಡು ವಾರ ಕಳೆದರೂ ಮಗುವಿನ ಕಣ್ಣು ಹಳದಿಯಾಗಿಯೇ ಇದ್ದರೆ, ಮಲ ಸುಣ್ಣದಂತೆ ಅಥವಾ ಬಿಳಿ ಜೇಡಿಮಣ್ಣಿನಂತೆ ಬಿಳಚಿಕೊಂಡಿದ್ದರೆ, ಮೂತ್ರ ಬಟ್ಟೆಗೆ ಹಳದಿ ಕಲೆ ಹಿಡಿಸುವಂತಿದ್ದರೆ ಅದು ಪಿತ್ತನಾಳ ಮುಚ್ಚಿಹೋಗಿರುವುದರ ಸೂಚನೆಯಿರಬಹುದು. ಬಿಲಿಯರಿ ಅಟ್ರೇಸಿಯ ಎಂದು ಕರೆಯಲಾಗುವ ಈ ರೋಗದಲ್ಲಿ ಯಕೃತ್ತಿನಲ್ಲಿ ಉತ್ಪತ್ತಿಯಾದ ಪಿತ್ತರಸ ಹೊರಹೋಗಲು ದಾರಿಯಿಲ್ಲದೆ ಅಲ್ಲೇ ನಿಂತು ಯಕೃತ್ತನ್ನೇ ಕೆಡಿಸುತ್ತದೆ. ಇದು ಅಪರೂಪದ ರೋಗವೇ ಸರಿ. ಆದರೆ ಚಿಕಿತ್ಸೆ ಸಿಗದ ಮಗು ಎರಡು ವರ್ಷ ದಾಟುವುದು ವಿರಳ.

1950ರ ದಶಕದಲ್ಲಿ ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ ಅವರು ಕರುಳಿನ ಒಂದು ಭಾಗವನ್ನು ನೇರವಾಗಿ ಯಕೃತ್ತಿನ ಬಾಯಿಗೆ ಜೋಡಿಸಿ ಪಿತ್ತರಸಕ್ಕೆ ಹೊಸ ದಾರಿ ಮಾಡಿಕೊಡುವ ಶಸ್ತ್ರಚಿಕಿತ್ಸೆಯನ್ನು ರೂಪಿಸಿದರು. ಮಗುವಿಗೆ 60 ದಿನ ತುಂಬುವುದರೊಳಗೆ ಈ ಚಿಕಿತ್ಸೆಯಾದರೆ ಪಿತ್ತರಸ ಹರಿಯುವ ಸಾಧ್ಯತೆ ಹೆಚ್ಚು. ದಿನ ಕಳೆದಂತೆ ಆ ಸಾಧ್ಯತೆ ಕುಗ್ಗುತ್ತದೆ. ಯಕೃತ್ತು ಪೂರ್ತಿ ಗಡುಸಾದ ಮೇಲೆ ಉಳಿಯುವ ದಾರಿ ಯಕೃತ್ ಕಸಿಯೊಂದೇ. ನಮ್ಮ ದೇಶದಲ್ಲಿ ಮಗುವಿಗೆ ಯಶಸ್ವಿಯಾಗಿ ಯಕೃತ್ ಕಸಿ ಮಾಡಿದ್ದು 1998ರ ನವೆಂಬರ್‌ನಲ್ಲಿ, ದೆಹಲಿಯ ಅಪೋಲೊ ಆಸ್ಪತ್ರೆಯಲ್ಲಿ. ಇದೇ ರೋಗದಿಂದ ಬಳಲುತ್ತಿದ್ದ ಕಾಂಚೀಪುರದ 20 ತಿಂಗಳ ಮಗುವಿಗೆ ತಂದೆಯೇ ತಮ್ಮ ಯಕೃತ್ತಿನ ಭಾಗವನ್ನು ನೀಡಿದ್ದರು. ಆ ಮಗು ಬೆಳೆದು ಮುಂದೆ ವೈದ್ಯಕೀಯ ಪದವಿ ಪಡೆದದ್ದು ಪತ್ರಿಕೆಗಳಲ್ಲಿ ವರದಿಯಾಗಿದೆ.

ಇಷ್ಟು ದೊಡ್ಡ ಚಿಕಿತ್ಸೆಗೆ ದಾರಿ ತೋರಿಸುವ ಮೊದಲ ಪರೀಕ್ಷೆ ಮಾತ್ರ ಬಹಳ ಸಣ್ಣದು. ರಕ್ತದಲ್ಲಿ ಬಿಲಿರುಬಿನ್ ಒಟ್ಟು ಎಷ್ಟಿದೆ, ಅದರಲ್ಲಿ ‘ಡೈರೆಕ್ಟ್’ ಅಂಶ ಎಷ್ಟು ಎಂಬುದನ್ನು ಸಾಮಾನ್ಯ ರಕ್ತಪರೀಕ್ಷಾ ಕೇಂದ್ರವೂ ಹೇಳಬಲ್ಲದು. ಡೈರೆಕ್ಟ್ ಅಂಶ ಹೆಚ್ಚಿದೆ ಎಂದು ತಿಳಿದ ದಿನವೇ ಮಗುವನ್ನು ತಜ್ಞರ ಬಳಿಗೆ ಕಳುಹಿಸಬೇಕು. ಮಲದ ಬಣ್ಣವನ್ನು ಗುರುತಿಸಲು ತೈವಾನ್ ದೇಶವು ಇನ್ನೂ ಸರಳವಾದ ಕ್ರಮ ಕೈಗೊಂಡಿತು. 2004ರಿಂದ ಅಲ್ಲಿ ಪ್ರತಿ ಶಿಶುವಿನ ಆರೋಗ್ಯ ಪುಸ್ತಕದಲ್ಲೂ ಮಲದ ಬಣ್ಣಗಳ ಚಿತ್ರವಿರುವ ಪುಟವೊಂದನ್ನು ಸೇರಿಸಲಾಯಿತು. ತಾಯಂದಿರು ಬಣ್ಣ ಹೋಲಿಸಿ ನೋಡಿ ಬೇಗನೆ ಆಸ್ಪತ್ರೆಗೆ ಬರತೊಡಗಿದ್ದರಿಂದ 60 ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗುವ ಮಕ್ಕಳ ಪ್ರಮಾಣ ಗಣನೀಯವಾಗಿ ಏರಿತು. ಮುದ್ರಿತ ಪುಟವೊಂದು ಮಾಡಿದ ಕೆಲಸವಿದು.

ಪಾತ್ರೆ ಅಂಗಡಿಯಿಂದ ಕಲಿತ ಪಾಠ

ಮಕ್ಕಳ ಯಕೃತ್ತಿನ ರೋಗಕ್ಕೂ ವ್ಯಾಪಾರಕ್ಕೂ ಇರುವ ಸಂಬಂಧವನ್ನು ತಿಳಿಯಲು ಇನ್ನೊಂದು ರೋಗದ ಇತಿಹಾಸವನ್ನು ಗಮನಿಸಬೇಕು. ಹಿಂದಿನ ತಲೆಮಾರಿನ ತಾಯಂದಿರಿಗೆ ‘ಲಿವರ್ ಕಾಯಿಲೆ’ ಎಂಬ ಮಾತೇ ನಡುಕ ಹುಟ್ಟಿಸುತ್ತಿತ್ತು. ಆರು ತಿಂಗಳು ದಾಟಿದ ಮಗುವಿನ ಹೊಟ್ಟೆ ಉಬ್ಬುವುದು, ಯಕೃತ್ತು ಕಲ್ಲಿನಂತೆ ಗಟ್ಟಿಯಾಗುವುದು, ಕಾಮಾಲೆ ಕಾಣಿಸಿಕೊಂಡು ಕೆಲವೇ ತಿಂಗಳುಗಳಲ್ಲಿ ಮಗು ತೀರಿಕೊಳ್ಳುವುದು, ಇದು ಅದರ ಕ್ರಮವಾಗಿತ್ತು. ಒಂದೇ ಮನೆಯಲ್ಲಿ ಎರಡು ಮೂರು ಮಕ್ಕಳು ಹೀಗೆ ಹೋದದ್ದೂ ಉಂಟು. ಮದರಾಸಿನ ಜಮ್ಮಿ ವೆಂಕಟರಮಣಯ್ಯನವರ ‘ಲಿವರ್ ಕ್ಯೂರ್’ ಔಷಧಿ ದಕ್ಷಿಣ ಭಾರತದಲ್ಲಿ ಮನೆಮಾತಾಗಿದ್ದುದು ಈ ಭಯದ ವ್ಯಾಪ್ತಿಯನ್ನು ತೋರಿಸುತ್ತದೆ. ವೈದ್ಯರು ಈ ರೋಗವನ್ನು ‘ಭಾರತೀಯ ಬಾಲ್ಯ ಸಿರೋಸಿಸ್’ ಎಂದು ಕರೆದರು.

ಈ ರೋಗ ಬಡವರಿಗಿಂತ ಮಧ್ಯಮ ವರ್ಗದ ಮನೆಗಳಲ್ಲೇ ಹೆಚ್ಚಾಗಿ ಕಾಣುತ್ತಿದ್ದುದು ಬಹಳ ಕಾಲ ಒಗಟಾಗಿತ್ತು. ಸತ್ತ ಮಕ್ಕಳ ಯಕೃತ್ತಿನಲ್ಲಿ ತಾಮ್ರದ ಅಂಶ ವಿಪರೀತವಾಗಿರುವುದು ಮೊದಲು ತಿಳಿದುಬಂತು. ಬಳಿಕ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಆನಂದ ಪಂಡಿತ್ ಮತ್ತು ಶೀಲಾ ಭಾವೆ, ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಮುಂತಾದ ವೈದ್ಯರು ಇದರ ಜಾಡು ಹಿಡಿದು ಹೋದರು. 1983ರಲ್ಲಿ ಅವರು ಪ್ರಕಟಿಸಿದ ಅಧ್ಯಯನವು ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳತ್ತ ಬೆರಳು ತೋರಿಸಿತು. ಎದೆಹಾಲನ್ನು ಬೇಗ ಬಿಡಿಸಿ, ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಸುವಿನ ಅಥವಾ ಎಮ್ಮೆಯ ಹಾಲನ್ನು ಕುಡಿಸಿದಾಗ ಪಾತ್ರೆಯ ತಾಮ್ರ ಹಾಲಿಗೆ ಇಳಿದು ಶಿಶುವಿನ ಯಕೃತ್ತಿನಲ್ಲಿ ಸಂಗ್ರಹವಾಗುತ್ತಿತ್ತು. ಒಳ್ಳೆಯ ಹಿತ್ತಾಳೆ ಪಾತ್ರೆ ಮತ್ತು ಹಾಲು ಎರಡೂ ಇದ್ದ ಮನೆಗಳಿಗೇ ರೋಗ ಹೆಚ್ಚಾಗಿ ತಟ್ಟಿದ್ದೇಕೆ ಎಂಬುದಕ್ಕೆ ಇದರಿಂದ ಸಮಾಧಾನ ದೊರೆಯಿತು. ಎಲ್ಲ ಮಕ್ಕಳಿಗೂ ರೋಗ ಬಾರದಿದ್ದುದರಿಂದ ಆನುವಂಶಿಕ ಕಾರಣವೂ ಸೇರಿರಬಹುದೆಂದು ಹಲವು ತಜ್ಞರು ಅಭಿಪ್ರಾಯಪಟ್ಟಿದ್ದಾರೆ.

ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳು ಅಡುಗೆಮನೆಗೆ ಬಂದಂತೆ, ಹಾಲಿನ ಪಾತ್ರೆ ಬದಲಿಸಿರೆಂದು ವೈದ್ಯರು ಹೇಳತೊಡಗಿದಂತೆ ಈ ರೋಗ ಇಳಿಮುಖವಾಗಿ 1990ರ ದಶಕದ ಹೊತ್ತಿಗೆ ಬಹುತೇಕ ಕಣ್ಮರೆಯಾಯಿತು. ಆಸ್ಟ್ರಿಯ ದೇಶದ ಟಿರೋಲ್ ಪ್ರಾಂತದಲ್ಲಿಯೂ ಇಂಥದೇ ರೋಗದಿಂದ 1900ರಿಂದ 1974ರವರೆಗೆ 138 ಶಿಶುಗಳು ಸತ್ತಿದ್ದುದು ಮುಂದೆ ಬೆಳಕಿಗೆ ಬಂತು. ಅಲ್ಲಿಯೂ ಕಲಾಯಿ ಇಲ್ಲದ ತಾಮ್ರದ ಪಾತ್ರೆಯ ಬಳಕೆ ನಿಂತ ಮೇಲೆ ರೋಗವೂ ನಿಂತಿತು.

ಇತ್ತೀಚೆಗೆ ತಾಮ್ರ, ಹಿತ್ತಾಳೆಯ ಪಾತ್ರೆಗಳಿಗೆ ಮತ್ತೆ ಬೇಡಿಕೆ ಬಂದಿದೆ. ಇದು ವ್ಯಾಪಾರಕ್ಕೆ ಒಳ್ಳೆಯದೇ. ಆದರೆ ಇವುಗಳನ್ನು ಮಾರುವ ವರ್ತಕರು ಗಿರಾಕಿಗೆ ಒಂದು ಮಾತು ಹೇಳಬೇಕಾದುದು ಧರ್ಮ. ಕಲಾಯಿ ಇಲ್ಲದ ಪಾತ್ರೆಯಲ್ಲಿ ಮಗುವಿನ ಹಾಲನ್ನು ಕಾಯಿಸಬಾರದು, ಇಡಬಾರದು. ಹುಳಿ ಪದಾರ್ಥವನ್ನೂ ಇಡಬಾರದು. ಹಾಲಿಗೂ ರೇಷ್ಮೆಗೂ ಹೆಸರಾದ ಕೋಲಾರ ಜಿಲ್ಲೆಯಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚು ಪ್ರಸ್ತುತ.

ಅಂಗಡಿಯ ಕಪಾಟಿನಲ್ಲಿರುವುದು

ಇಂದಿನ ಅಂಗಡಿಗಳಲ್ಲಿಯೂ ಮಕ್ಕಳ ಹೊಟ್ಟೆಗೆ ನೇರ ಸಂಬಂಧವಿರುವ ಸರಕುಗಳಿವೆ. ಅವುಗಳಲ್ಲಿ ಮೊದಲನೆಯದು ಓ.ಆರ್.ಎಸ್. ಪೊಟ್ಟಣ. ವಾಂತಿಭೇದಿಯಾದ ಮಗುವನ್ನು ಉಳಿಸುವುದು ನೀರು, ಉಪ್ಪು ಮತ್ತು ಗ್ಲುಕೋಸ್‌ಗಳ ಸರಿಯಾದ ಪ್ರಮಾಣ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಅವರು ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ಸಾವಿನ ಪ್ರಮಾಣವನ್ನು ಬಹಳವಾಗಿ ತಗ್ಗಿಸಿದರು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪರಿಷ್ಕರಿಸಿದ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲುಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್, ಒಟ್ಟು 20.5 ಗ್ರಾಂ ಇರಬೇಕು. ಸಕ್ಕರೆ ಹೆಚ್ಚಾದರೆ ಅದು ದೇಹದ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಸಕ್ಕರೆ ತುಂಬಿದ ಪಾನೀಯಗಳು ‘ಓ.ಆರ್.ಎಸ್.’ ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡು ಮಾರಾಟವಾಗುತ್ತಿದ್ದುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ಹಲವು ವರ್ಷ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು ಆಹಾರ ಪಾನೀಯಗಳ ಹೆಸರಿನಲ್ಲಿ ಈ ಪದವನ್ನು ಯಾವ ರೂಪದಲ್ಲಿಯೂ ಬಳಸದಂತೆ ಆದೇಶಿಸಿತು. ದಿನಸಿ ಮತ್ತು ಔಷಧಿ ವರ್ತಕರು ತಮ್ಮ ದಾಸ್ತಾನನ್ನು ಈ ದೃಷ್ಟಿಯಿಂದ ಪರಿಶೀಲಿಸಿಕೊಳ್ಳುವುದು ಅಗತ್ಯ.

ಎರಡನೆಯದು ಶಿಶುಗಳ ಹಾಲಿನ ಪುಡಿ. 1992ರ ಕಾಯಿದೆ ಮತ್ತು ಅದರ 2003ರ ತಿದ್ದುಪಡಿಯ ಪ್ರಕಾರ ಇವುಗಳ ಜಾಹೀರಾತು, ಉಡುಗೊರೆ, ಮಾರಾಟ ಹೆಚ್ಚಿಸುವ ರಿಯಾಯಿತಿಗಳು ನಿಷಿದ್ಧ. ಮಾರುವುದು ತಪ್ಪಲ್ಲ, ಎದೆಹಾಲಿಗೆ ಬದಲಾಗಿ ಕೊಳ್ಳುವಂತೆ ಪ್ರೇರೇಪಿಸುವುದು ತಪ್ಪು.

ಮೂರನೆಯದು ಗುಂಡಿಯಾಕಾರದ ಬ್ಯಾಟರಿ. ಆಟಿಕೆ, ಗಡಿಯಾರ, ರಿಮೋಟ್‌ಗಳಲ್ಲಿರುವ ಇದನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೇ ಒಳಪದರ ಸುಟ್ಟುಹೋಗಬಹುದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಬಿ.ಐ.ಎಸ್. ಗುರುತು ಕಡ್ಡಾಯವಾಗಿದೆ. ಗುರುತಿಲ್ಲದ ಅಗ್ಗದ ಆಟಿಕೆಯನ್ನು ತರಿಸುವಾಗ ಲಾಭದ ಜೊತೆಗೆ ಇದನ್ನೂ ಯೋಚಿಸಬೇಕು.

ನಾಲ್ಕನೆಯದು ಸಣ್ಣ ತಯಾರಕರಿಗೇ ಸಂಬಂಧಿಸಿದ್ದು. ಶೌಚಾಲಯ ತೊಳೆಯುವ ಆಸಿಡ್, ಸೋಪು ತಯಾರಿಕೆಯ ಕಾಸ್ಟಿಕ್ ಸೋಡ, ಫಿನಾಯಿಲ್ ಮುಂತಾದುವನ್ನು ತಂಪು ಪಾನೀಯದ ಹಳೆಯ ಬಾಟಲಿಗಳಲ್ಲಿ ತುಂಬಿಸಿ ಮಾರುವುದನ್ನು ಕೂಡಲೇ ಬಿಡಬೇಕು. ಬಾಯಾರಿದ ಮಗುವಿಗೆ ಬಾಟಲಿಯ ಆಕಾರವಷ್ಟೇ ಗೊತ್ತು. ಕುಡಿದರೆ ಅನ್ನನಾಳ ಸುಟ್ಟು, ಗಾಯ ಮಾಯುವಾಗ ಕಿರಿದಾಗಿ, ಅದನ್ನು ಮತ್ತೆ ಮತ್ತೆ ಹಿಗ್ಗಿಸುವ ಚಿಕಿತ್ಸೆಗಾಗಿ ಮಗು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಜ್ಞರಲ್ಲಿಗೆ ಅಲೆಯಬೇಕಾಗುತ್ತದೆ. ಹೀಗಾದಾಗ ಬಲವಂತವಾಗಿ ವಾಂತಿ ಮಾಡಿಸಬಾರದು. ಬಾಟಲಿಯ ಸಮೇತ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

ಸೊರಗಿದ ಮಗು

ಪೋಷಣೆಯ ವಿಷಯದಲ್ಲಿ ನಮ್ಮ ರಾಜ್ಯ ತೃಪ್ತಿಪಡುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ, ಶೇ. 19.5ರಷ್ಟು ಮಕ್ಕಳ ತೂಕ ಎತ್ತರಕ್ಕೆ ತಕ್ಕಷ್ಟಿಲ್ಲ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದಗಳಲ್ಲಿ ಬಾವು ಬಂದಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಗನವಾಡಿಯ ಅಳತೆಪಟ್ಟಿ ಇದನ್ನು ನಿಮಿಷದಲ್ಲಿ ತಿಳಿಸುತ್ತದೆ. ಇಂಥ ಮಕ್ಕಳಿಗಾಗಿ ಜಿಲ್ಲಾ ಆಸ್ಪತ್ರೆಗಳಲ್ಲಿ ಪೌಷ್ಟಿಕಾಂಶ ಪುನಶ್ಚೇತನ ಕೇಂದ್ರಗಳಿವೆ. ತಾಯಿ ಜೊತೆಯಲ್ಲಿದ್ದು ಸುಮಾರು ಎರಡು ವಾರ ಚಿಕಿತ್ಸೆ ಕೊಡಿಸಬೇಕಾಗುತ್ತದೆ. ಆ ದಿನಗಳ ಕೂಲಿ ನಷ್ಟಕ್ಕೆ ಪರಿಹಾರವೂ ಉಂಟು.

ಉಣ್ಣಿಸಿದರೂ ತೂಕ ಏರದ ಮಗುವಿಗೆ ಅನ್ನದ ಕೊರತೆಯಲ್ಲ, ಕರುಳಿನ ರೋಗವಿರಬಹುದು. ವಾರಗಟ್ಟಲೆ ನಿಲ್ಲದ ಭೇದಿ, ಮಲದಲ್ಲಿ ರಕ್ತ, ಹಸಿರು ಅಥವಾ ರಕ್ತದ ವಾಂತಿ, ಉಬ್ಬುತ್ತಿರುವ ಹೊಟ್ಟೆ, ಏರದ ತೂಕ ಇವು ಸ್ಥಳೀಯ ಮಕ್ಕಳ ವೈದ್ಯರ ಮೂಲಕ ತಜ್ಞರನ್ನು ಕಾಣಬೇಕಾದ ಲಕ್ಷಣಗಳು. ಇವುಗಳಲ್ಲಿ ಹಸಿರು ವಾಂತಿ ಮತ್ತು ರಕ್ತದ ವಾಂತಿಗೆ ಮಾರನೆಯ ದಿನದವರೆಗೆ ಕಾಯುವಂತಿಲ್ಲ.

ಖರ್ಚು, ರಜೆ ಮತ್ತು ಮುಂಗಡ

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಇತರ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟು ನೆರವಿದೆ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಈ ಪತ್ರವಿಲ್ಲದೆ ನೇರವಾಗಿ ಬೆಂಗಳೂರಿಗೆ ಹೋಗಿ, ಪತ್ರಕ್ಕಾಗಿ ಮತ್ತೆ ಊರಿಗೆ ಮರಳುವವರ ಅಮೂಲ್ಯ ದಿನಗಳು ವ್ಯರ್ಥವಾಗುತ್ತವೆ. ಇ.ಎಸ್.ಐ. ವ್ಯಾಪ್ತಿಗೆ ಬರುವ ನೌಕರರ ಮಕ್ಕಳಿಗೂ ಚಿಕಿತ್ಸೆಯ ಹಕ್ಕಿದೆ. ಮಾಲೀಕರು ನೌಕರನ ಹೆಸರಿನ ಜೊತೆಗೆ ಮಕ್ಕಳ ಹೆಸರನ್ನೂ ಸಕಾಲದಲ್ಲಿ ನೋಂದಾಯಿಸಿದರೆ ಮಾತ್ರ ಅದು ಕೈಗೆಟುಕುತ್ತದೆ.

ದಾರಿ ಹಿಂದಿನಷ್ಟು ಕಷ್ಟವಿಲ್ಲ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಕರ್ನಾಟಕ ಭಾಗದಲ್ಲಿ 2024ರ ಡಿಸೆಂಬರ್‌ನಿಂದ ವಾಹನಗಳು ಓಡಾಡುತ್ತಿವೆ. ಬೆಂಗಳೂರಿನಲ್ಲಿ ಸರ್ಕಾರದ ನೆರವಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ, 1935ರಿಂದ ನಡೆದುಬಂದಿರುವ ವಾಣಿವಿಲಾಸ ಆಸ್ಪತ್ರೆಯೂ ಇವೆ. ಮಗುವಿನ ಉದರ ರೋಗಗಳಿಗೇ ಮೀಸಲಾದ ತಜ್ಞರು ನಗರದ ಹಲವು ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತಾರೆ. ಇಂಥ ತಜ್ಞರು ಪ್ರತಿ ತಾಲ್ಲೂಕಿಗೂ ಬರುವ ಕಾಲ ಹತ್ತಿರದಲ್ಲಿಲ್ಲ. ಅವರ ಬಳಿಗೆ ಮಗುವನ್ನು ಹೊತ್ತಿಗೆ ಸರಿಯಾಗಿ ತಲುಪಿಸುವ ಏರ್ಪಾಡು ಮಾತ್ರ ಊರಿನ ಕೈಯಲ್ಲಿಯೇ ಇದೆ.

ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ದುಡಿಯುವ ತಂದೆ ಮಗುವನ್ನು ತೋರಿಸಲು ತಡಮಾಡುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ರಜೆ ಹಾಕಿದರೆ ಸಂಬಳ ಹೋಗುತ್ತದೆ, ಹಬ್ಬದ ವ್ಯಾಪಾರದಲ್ಲಿ ರಜೆ ಕೇಳಿದರೆ ಕೆಲಸವೇ ಹೋದೀತು ಎಂಬ ಅಂಜಿಕೆಯೂ ಅವನನ್ನು ತಡೆಯುತ್ತದೆ. ಎರಡು ದಿನದ ಸಂಬಳಸಹಿತ ರಜೆ ಮತ್ತು ಪ್ರಯಾಣಕ್ಕೆ ಒಂದಿಷ್ಟು ಮುಂಗಡ, ಇಷ್ಟರಿಂದ ಯಾವ ವ್ಯಾಪಾರವೂ ಮುಳುಗುವುದಿಲ್ಲ. 50ನೇ ದಿನ ತಜ್ಞರನ್ನು ಕಂಡ ಮಗುವಿಗೂ 100ನೇ ದಿನ ಕಂಡ ಮಗುವಿಗೂ ಇರುವ ಅಂತರವನ್ನು ಮಾತ್ರ ಆಮೇಲೆ ಎಷ್ಟು ಹಣ ಸುರಿದರೂ ತುಂಬಲಾಗದು. ಎರಡು ವಾರ ಮೀರಿದ ಕಾಮಾಲೆ ಮತ್ತು ಬಿಳಿ ಮಲದ ಎಚ್ಚರಿಕೆಯನ್ನು ನಾಲ್ಕು ಸಾಲಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಭಾಷೆಗಳಲ್ಲಿ ಅಚ್ಚು ಹಾಕಿಸಿ ಔಷಧಿ ಅಂಗಡಿ, ದಿನಸಿ ಅಂಗಡಿ, ಕಾರ್ಖಾನೆಗಳ ಗೋಡೆಯ ಮೇಲೆ ಅಂಟಿಸಿದರೆ ಅದಕ್ಕೆ ತಗಲುವ ವೆಚ್ಚ ವರ್ತಕ ಬಾಂಧವರಿಗೆ ಲೆಕ್ಕಕ್ಕೆ ಬರುವಂಥದಲ್ಲ.